ಓಲೆಗರಿಯಿಂದ ಪೆನ್ ಡ್ರೈವ್‌ವರೆಗೆ: ಪ್ರತಿ ಮಾಡುವ ಹಕ್ಕಿನ ಕಥೆ



ಈ ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಮ್ಮ ತಂಡ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಕೆಲವು ದಿನ ಸುತ್ತಾಡಿತು. ಕೃಷ್ಣರಾಜಪೇಟೆಯಲ್ಲಿ ಕ್ಯಾಮೆರಾ ಕೆಳಗಿಟ್ಟು ಟೀ ಕುಡಿಯುತ್ತಿದ್ದಾಗ ಪದವಿ ತರಗತಿಯ ಹುಡುಗನೊಬ್ಬ ಹತ್ತಿರ ಬಂದ. ಚಿಕ್ಕಪ್ಪನ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡಿಕೊಡುವವನಂತೆ. ನಮ್ಮ ವಿಷಯ ಏನೆಂದು ಕೇಳಿ ತಿಳಿದುಕೊಂಡವನೇ ಒಂದು ಪ್ರಶ್ನೆ ಹಾಕಿದ.

"ಸಾರ್, ಸಾಫ್ಟ್‌ವೇರ್‌ನ ದುಡ್ ಕೊಟ್ ತಗಂಡಿರೋದು ನಾವು. ನನ್ ಸ್ನೇಹಿತಂಗೆ ಒಂದ್ ಕಾಪಿ ಹಾಕ್ಕೊಟ್ರೆ ನಂದೇನೂ ಕಮ್ಮಿ ಆಗಲ್ಲ. ಅದ್ ಹೆಂಗ್ ಸಾರ್ ಕಳ್ತನ ಆಯ್ತದೆ?"

ನಾನು ಉತ್ತರ ಕೊಡುವ ಮೊದಲೇ ಟೀ ಅಂಗಡಿಯ ಅಮ್ಮ ಅವನ ಪರ ನಿಂತರು. "ಹೆಪ್ಪಿಗೆ ಒಂದ್ ಚಮಚ ಮೊಸ್ರು ಕೊಟ್ರೆ ಯಾರಾದ್ರೂ ಕಳ್ತನ ಅಂತಾರಾ ಮಗ?"

ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ನಿಮ್ಮಲ್ಲಿ ಬಹಳ ಮಂದಿಯ ಮನಸ್ಸಿನಲ್ಲೂ ಇದು ಇದ್ದೇ ಇರುತ್ತದೆ. ಕಾನೂನಿನ ಪುಸ್ತಕ ತೆರೆದು ಒಂದೇ ಸಾಲಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಆ ಕಾನೂನು ಏಕೆ ಬಂತು, ಅದು ಬರುವ ಮೊದಲು ನಮ್ಮ ಜನ ಏನು ಮಾಡುತ್ತಿದ್ದರು ಎಂಬುದನ್ನು ತಿಳಿಯದೆ ಹೋದರೆ ಉತ್ತರ ಬಾಯಿಪಾಠವಾಗುತ್ತದೆಯೇ ಹೊರತು ಅರ್ಥವಾಗುವುದಿಲ್ಲ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

ಬರೆಸಿ ಹಂಚುವುದೇ ಪುಣ್ಯವಾಗಿದ್ದ ಕಾಲ

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯನ್ನು ನೀವು ನೋಡಿರಬಹುದು. ಎತ್ತರದ ಮಾನಸ್ತಂಭ, ಅದರ ಹಿಂದೆ ಗಂಗರ ಕಾಲದ ಪಂಚಕೂಟ ಬಸದಿ. ಜೈನ ಧರ್ಮದಲ್ಲಿ ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳುತ್ತಾರೆ. ಶಾಸ್ತ್ರದಾನವೆಂದರೆ ಗ್ರಂಥವನ್ನು ಪ್ರತಿ ಮಾಡಿಸಿ ಓದುವವರಿಗೆ ಕೊಡುವುದು. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡ ನಾಡಿನಲ್ಲಿ ಪ್ರಸಿದ್ಧ. ಆಕೆಯ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣವನ್ನು ಬರೆದ.

ಸಾವಿರ ಪ್ರತಿ ಎಂದರೆ ಎಷ್ಟು ಕೆಲಸವೆಂದು ಒಮ್ಮೆ ಯೋಚಿಸಿ. ತಾಳೆಗರಿಯನ್ನು ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು. ಕೊರೆದ ಗೆರೆ ಕಾಣುವಂತೆ ಮಸಿ ತೊಡೆಯಬೇಕು. ಆಗ ಯಾರೂ ಪ್ರತಿ ಮಾಡಬೇಡಿ ಎನ್ನಲಿಲ್ಲ. ಪ್ರತಿ ಮಾಡುವವರು ಸಿಗುವುದೇ ಕಷ್ಟವಾಗಿತ್ತು.

ಇನ್ನೊಂದು ಊರು ಶ್ರೀರಂಗಪಟ್ಟಣ. 1610ರಿಂದ ಅದು ಮೈಸೂರು ಒಡೆಯರ ರಾಜಧಾನಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ ಮೊದಲಾದ ಕವಿಗಳಿದ್ದರು. ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮವನ್ನು ಬರೆದಳು. ಸಿಂಗರಾರ್ಯನ ಮಿತ್ರವಿಂದಾ ಗೋವಿಂದ ನಮಗೆ ದೊರೆತಿರುವ ಕನ್ನಡದ ಮೊದಲ ನಾಟಕ. ಅದು ಶ್ರೀಹರ್ಷನ ರತ್ನಾವಳಿಯೆಂಬ ಸಂಸ್ಕೃತ ನಾಟಕದ ರೂಪಾಂತರ. ಮೂಲವನ್ನು ತೆಗೆದುಕೊಂಡು, ಪಾತ್ರಗಳನ್ನು ಬದಲಿಸಿ, ನಮ್ಮ ಭಾಷೆಗೆ ಹೊಂದಿಸಿದ ಕೃತಿ. ಇಂದಿನ ಗಣಕ ಪರಿಭಾಷೆಯಲ್ಲಿ ಹೇಳುವುದಾದರೆ ಸಿಂಗರಾರ್ಯ ಮೂಲ ಕ್ರಮವಿಧಿಯನ್ನು ತೆರೆದು ನೋಡಿ ಮಾರ್ಪಡಿಸಿದ. ಆ ಕಾಲದಲ್ಲಿ ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಅದೇ ಶ್ರೀರಂಗಪಟ್ಟಣ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಗ್ರಂಥಭಂಡಾರ ಇಂಗ್ಲಿಷರ ಕೈಸೇರಿತು. ಅದರ ಹಸ್ತಪ್ರತಿಗಳು ಕಲ್ಕತ್ತಕ್ಕೂ ಇಂಗ್ಲೆಂಡಿಗೂ ಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ ಆ ಭಂಡಾರದ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅಚ್ಚು ಮಾಡಿಸಿದ. ಒಂದೇ ಪ್ರತಿ ಇರುವ ಪುಸ್ತಕ ಊರು ಬಿಟ್ಟು ಹೋದರೆ ಊರಿಗೆ ಅದು ಇಲ್ಲವೆಂದೇ ಲೆಕ್ಕ. ಹತ್ತು ಮನೆಗಳಲ್ಲಿ ಹತ್ತು ಪ್ರತಿ ಇದ್ದರೆ ಬೆಂಕಿ, ಗೆದ್ದಲು, ಯುದ್ಧ ಯಾವುದೂ ಎಲ್ಲವನ್ನೂ ಒಟ್ಟಿಗೆ ನುಂಗಲಾರದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳು ಇಂದಿಗೂ ಇವೆಯೆಂದರೆ ಅದಕ್ಕೆ ಕಾರಣ ಹೆಸರು ಗೊತ್ತಿಲ್ಲದ ಎಷ್ಟೋ ಲಿಪಿಕಾರರು ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದು.

ಅಚ್ಚಿನ ಯಂತ್ರ ತಂದ ಕಾನೂನು

ಅಚ್ಚಿನ ಯಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. ಮೊದಲ ಪ್ರತಿಗೆ ಮೊಳೆ ಜೋಡಿಸುವ ಖರ್ಚು ಬಹಳ, ಆಮೇಲಿನ ಪ್ರತಿಗಳಿಗೆ ಖರ್ಚು ಕಡಿಮೆ. ಹೀಗಾಗಿ ಒಬ್ಬ ಕಷ್ಟಪಟ್ಟು ಬರೆಸಿ ಅಚ್ಚು ಹಾಕಿದ ಪುಸ್ತಕವನ್ನು ಪಕ್ಕದ ಮುದ್ರಣಾಲಯದವನು ನೋಡಿಕೊಂಡು ಅಚ್ಚು ಹಾಕಿ ಅಗ್ಗಕ್ಕೆ ಮಾರಬಹುದಾಯಿತು. ಬರೆದವನ ಹೊಟ್ಟೆಪಾಡು ಏನಾಗಬೇಕು? ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ರಾಣಿ ಆ್ಯನ್ ಕಾಲದ ಕಾಯಿದೆ ಹೊಸ ಪುಸ್ತಕದ ಪ್ರತಿ ಮಾಡುವ ಹಕ್ಕನ್ನು 14 ವರ್ಷಗಳ ಕಾಲ ಲೇಖಕನಿಗೆ ಕೊಟ್ಟಿತು. ಅವನು ಬದುಕಿದ್ದರೆ ಇನ್ನೂ 14 ವರ್ಷ. ಆಮೇಲೆ ಪುಸ್ತಕ ಎಲ್ಲರದು. ಈ ಎರಡನೆಯ ಮಾತನ್ನು ನೆನಪಿಡಿ. ಹಕ್ಕನ್ನು ಕೊಟ್ಟ ಕಾನೂನೇ ಅದಕ್ಕೆ ಒಂದು ಕೊನೆಯನ್ನೂ ಹೇಳಿತು.

ಭಾರತದಲ್ಲಿ 1847ರಲ್ಲಿ ಕಂಪನಿ ಸರ್ಕಾರದ ಕಾಯಿದೆ ಬಂತು, 1914ರಲ್ಲಿ ಇನ್ನೊಂದು. ಸ್ವತಂತ್ರ ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಅದು 1958ರ ಜನವರಿ 21ರಂದು ಜಾರಿಗೆ ಬಂತು. ಮೊದಲು ಲೇಖಕರ ಜೀವಿತಾವಧಿ ಮತ್ತು ನಿಧನಾನಂತರ 50 ವರ್ಷ ಎಂದಿದ್ದ ಅವಧಿಯನ್ನು 1992ರಲ್ಲಿ 60 ವರ್ಷಕ್ಕೆ ಹೆಚ್ಚಿಸಿದರು. ರವೀಂದ್ರನಾಥ ಠಾಕೂರರು ತೀರಿಕೊಂಡು ಆಗ ತಾನೇ 50 ವರ್ಷ ತುಂಬಿತ್ತು. ಅವರ ಕೃತಿಗಳ ಹಕ್ಕು ವಿಶ್ವಭಾರತಿಯ ಕೈತಪ್ಪಿ ಹೋಗುವುದೆಂಬ ಚಿಂತೆ ಈ ತಿದ್ದುಪಡಿಯ ಹಿಂದೆ ಇತ್ತು.

ಈ ಲೆಕ್ಕವನ್ನು ನಮ್ಮ ಜಿಲ್ಲೆಯ ಲೇಖಕರಿಗೇ ಹಾಕಿ ನೋಡೋಣ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ. ಅವರ ಕಾಲದಲ್ಲಿ ಅಚ್ಚಾದ ಕೃತಿಗಳ ಸ್ವಾಮ್ಯ 2006ರ ಕೊನೆಗೆ ಮುಗಿಯಿತು. ಮಂಡ್ಯದಲ್ಲಿ ಹುಟ್ಟಿದ ಕಾದಂಬರಿಗಾರ್ತಿ ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಮೇಲುಕೋಟೆಯ ಪು.ತಿ.ನ. ತೀರಿಕೊಂಡದ್ದು 1998ರಲ್ಲಿ, ಆದ್ದರಿಂದ ಅವರ ಕೃತಿಗಳ ಸ್ವಾಮ್ಯ 2058ರ ಕೊನೆಯವರೆಗೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿ 1942ರಲ್ಲಿ ಮೈಸೂರು ಮಲ್ಲಿಗೆಯನ್ನು ಕೊಟ್ಟ ಕೆ.ಎಸ್.ನರಸಿಂಹಸ್ವಾಮಿಯವರೂ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್.ಮೂರ್ತಿರಾಯರೂ 2003ರಲ್ಲಿ ತೀರಿಕೊಂಡರು. ಅವರದು 2063ರ ಕೊನೆಯವರೆಗೆ.

ಪುಸ್ತಕದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದುಡ್ಡು ಕೊಟ್ಟು ಕೊಂಡ ಪುಸ್ತಕ ನಿಮ್ಮದು. ಗೆಳೆಯನಿಗೆ ಓದಲು ಕೊಡಬಹುದು, ಹಳೆಯ ಪುಸ್ತಕದ ಅಂಗಡಿಗೆ ಮಾರಬಹುದು. ಕೊಟ್ಟಷ್ಟು ದಿನ ಪುಸ್ತಕ ನಿಮ್ಮ ಬಳಿ ಇರುವುದಿಲ್ಲ, ಅಷ್ಟೇ. ಪ್ರತಿ ಒಂದೇ, ಕೈ ಬದಲಾಗುತ್ತದೆ. ತಂತ್ರಾಂಶದಲ್ಲಿ ಹಾಗಲ್ಲ. ಕೊಟ್ಟ ಮೇಲೂ ನಿಮ್ಮದು ನಿಮ್ಮ ಬಳಿಯೇ ಇರುತ್ತದೆ. ಹೆಪ್ಪಿನ ಮಾತು ಇಲ್ಲಿಯೇ ಬರುತ್ತದೆ.

ಯಂತ್ರದ ಜೊತೆ ಪುಕ್ಕಟೆ ಬರುತ್ತಿದ್ದ ತಂತ್ರಾಂಶ

ಆರಂಭದ ಗಣಕಗಳು ಕೋಣೆಯಷ್ಟು ದೊಡ್ಡವು. ಅವುಗಳ ಬೆಲೆಯ ಮುಂದೆ ಕ್ರಮವಿಧಿಯ ಬೆಲೆಯನ್ನು ಯಾರೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿರಲಿಲ್ಲ. ಯಂತ್ರ ಕೊಂಡವರಿಗೆ ಅದರ ಜೊತೆಗೇ ತಂತ್ರಾಂಶ ಬರುತ್ತಿತ್ತು. 1969ರ ಜೂನ್‌ನಲ್ಲಿ ಐ.ಬಿ.ಎಂ. ಕಂಪನಿ ತಂತ್ರಾಂಶಕ್ಕೂ ಸೇವೆಗೂ ಬೇರೆ ಬೆಲೆ ಇಡುವುದಾಗಿ ಪ್ರಕಟಿಸಿತು. ತಂತ್ರಾಂಶವೆಂಬುದು ತಾನೇ ಒಂದು ಸರಕಾದದ್ದು ಹೆಚ್ಚುಕಡಿಮೆ ಆಗಿನಿಂದ.

1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಗಣಕ ಮಾರುಕಟ್ಟೆಗೆ ಬಂತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಅದಕ್ಕೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿ ಮಾರತೊಡಗಿದರು. ಆಗ ಕ್ರಮವಿಧಿ ಬರುತ್ತಿದ್ದುದು ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ. ಕ್ಯಾಲಿಫೋರ್ನಿಯಾದ ಹವ್ಯಾಸಿ ಸಂಘವೊಂದರ ಸದಸ್ಯರು ಆ ಪಟ್ಟಿಯ ಪ್ರತಿಗಳನ್ನು ಮಾಡಿ ಹಂಚಿಕೊಂಡರು. 1976ರ ಫೆಬ್ರವರಿಯಲ್ಲಿ, ಇಪ್ಪತ್ತು ವರ್ಷದ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ನೀವು ಮಾಡುತ್ತಿರುವುದು ಕಳವು, ದುಡಿದವನಿಗೆ ಕೂಲಿ ಸಿಗದಿದ್ದರೆ ಒಳ್ಳೆಯ ತಂತ್ರಾಂಶವನ್ನು ಯಾರು ಬರೆಯುತ್ತಾರೆ ಎಂಬುದು ಅದರ ಸಾರಾಂಶ. ಅವನಿಗೂ ನಿಮ್ಮಷ್ಟೇ ವಯಸ್ಸು. ತನ್ನ ದುಡಿಮೆಯ ಬಗ್ಗೆ ಅವನು ಕೇಳಿದ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಇನ್ನೊಂದು ಕಡೆಯಿಂದ ಇನ್ನೊಬ್ಬ ಪ್ರಶ್ನೆ ಎತ್ತಿದ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಅಲ್ಲಿಗೆ ಬಂದ ಹೊಸ ಮುದ್ರಕಯಂತ್ರದ ತೊಂದರೆಯೊಂದನ್ನು ಸರಿಪಡಿಸಲು ಹೊರಟ. ಅದರ ಕ್ರಮವಿಧಿಯ ಆಕರ ರೂಪ ಅವನಿಗೆ ಸಿಗಲಿಲ್ಲ. ಅದು ಗುಟ್ಟು. ರಿಪೇರಿ ಮಾಡಲು ಬಲ್ಲವನ ಕೈಯನ್ನು ಕಟ್ಟಿಹಾಕುವುದು ಸರಿಯೇ ಎಂದು ಅವನಿಗೆ ಅನ್ನಿಸಿತು. 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದ. 1989ರಲ್ಲಿ ಸಾರ್ವಜನಿಕ ಪರವಾನಗಿ ಎಂಬ ಹೊಸ ಬಗೆಯ ಲೈಸೆನ್ಸನ್ನು ಸಿದ್ಧಪಡಿಸಿದ. ಅದರಂತೆ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳು: ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗನ್ನು ನೋಡಿ ಕಲಿತು ಬದಲಿಸುವುದು, ಪ್ರತಿ ಮಾಡಿ ಇತರರಿಗೆ ಕೊಡುವುದು, ಬದಲಿಸಿದ್ದನ್ನೂ ಹಂಚುವುದು. ಹಂಚುವವನಿಗೆ ಒಂದೇ ಷರತ್ತು. ತಾನು ಪಡೆದ ಸ್ವಾತಂತ್ರ್ಯಗಳನ್ನು ಮುಂದಿನವನಿಗೂ ಕೊಡಬೇಕು. ಸ್ವಾರಸ್ಯವೆಂದರೆ ಈ ಪರವಾನಗಿ ನಿಂತಿರುವುದೂ ಕೃತಿಸ್ವಾಮ್ಯ ಕಾನೂನಿನ ಮೇಲೆಯೇ. ಬೀಗ ಮಾಡುವ ಕಬ್ಬಿಣದಿಂದಲೇ ಬೀಗದ ಕೈಯನ್ನೂ ಮಾಡಿದಂತೆ.

ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ ಬಿಟ್ಟಿ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ. ಇದರಿಂದ ಅವರಲ್ಲಿ ಬಹಳ ಗೊಂದಲವಾಯಿತು. ನಮಗೆ ಆ ತೊಂದರೆಯಿಲ್ಲ. ಕನ್ನಡದಲ್ಲಿ ಉಚಿತ ಬೇರೆ, ಸ್ವತಂತ್ರ ಬೇರೆ. ಈ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

ನಡುವೆ ಒಂದು ವಿಚಿತ್ರ ಘಟನೆಯನ್ನೂ ಹೇಳಬೇಕು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ತಾವು ಬರೆದ ತಂತ್ರಾಂಶವನ್ನು ಜನ ಪ್ರತಿ ಮಾಡುವುದನ್ನು ಪತ್ತೆ ಹಚ್ಚಲು ಫ್ಲಾಪಿಯೊಳಗೆ ಒಂದು ಪುಟ್ಟ ಕ್ರಮವಿಧಿಯನ್ನು ಸೇರಿಸಿದರು. ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಅದರಲ್ಲಿ ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತಾ ದೇಶ ದೇಶಗಳನ್ನು ಸುತ್ತಿತು. ಬ್ರೇನ್ ಎಂದು ಹೆಸರಾದ ಅದು ಪಿ.ಸಿ. ಗಣಕಗಳ ಮೊದಲ ವೈರಸ್. ಪ್ರತಿ ಮಾಡುವುದನ್ನು ಹಿಡಿಯಲು ಹೊರಟದ್ದು ತಾನೇ ಪ್ರತಿಯಾಗುತ್ತಾ ಹೋಯಿತು.

ಕನ್ನಡ ಗಣಕಕ್ಕೆ ಬಂದಾಗ

ಈಗ ನಮ್ಮ ಮನೆಯ ಕಥೆಗೆ ಬರೋಣ. ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ತರ್ಕಬದ್ಧವಾಗಿ ಮೂಡಿಸುವ ವಿನ್ಯಾಸವನ್ನು ಕೆ.ಪಿ.ರಾವ್ ಅವರು ರೂಪಿಸಿದರು. ಸೇಡಿಯಾಪು ಎಂಬ ಹೆಸರಿನ ಕನ್ನಡ ತಂತ್ರಾಂಶವನ್ನೂ ಸಿದ್ಧಪಡಿಸಿ ಬಳಸುವವರಿಗೆ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರವಾಯಿತು. ಇಂದು ನೀವು ಕನ್ನಡ ಬೆರಳಚ್ಚು ಮಾಡುವಾಗ ನಿಮ್ಮ ಬೆರಳುಗಳು ಅವರ ಯೋಚನೆಯ ದಾರಿಯಲ್ಲೇ ಓಡಾಡುತ್ತವೆ.

1990ರ ದಶಕದಲ್ಲಿ ತಾಲ್ಲೂಕು ಕೇಂದ್ರಗಳಲ್ಲೂ ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದವು. ಮದುವೆ ಕಾಗದ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ ಎಲ್ಲವೂ ಅಲ್ಲಿ. ಮಾರಾಟಕ್ಕಿದ್ದ ಕನ್ನಡ ತಂತ್ರಾಂಶಗಳು ಸಣ್ಣ ಅಂಗಡಿಗೆ ದುಬಾರಿ. ಪ್ರತಿ ಮಾಡದಂತೆ ಅವುಗಳ ಜೊತೆ ಗಣಕದ ಹಿಂಬದಿಗೆ ಸಿಕ್ಕಿಸುವ ಬೀಗವೂ ಬರುತ್ತಿತ್ತು. ಅದನ್ನು ಡಾಂಗಲ್ ಎನ್ನುತ್ತಿದ್ದರು. ಬೀಗ ಬಂದ ಕಡೆ ಬೀಗ ಮುರಿಯುವವರೂ ಬಂದರು. ಕಳ್ಳಪ್ರತಿಯ ಸಿ.ಡಿ. ಊರಿಂದೂರಿಗೆ ಓಡಾಡಿತು. ಅದನ್ನು ತಯಾರಿಸಿದವರೂ ಕನ್ನಡಕ್ಕಾಗಿ ಬಂಡವಾಳ ಹಾಕಿದವರೇ ಎಂಬುದನ್ನು ನಾವು ಆಗ ಯೋಚಿಸಲಿಲ್ಲ.

1998ರ ಜನವರಿ 1ರಂದು ಶೇಷಾದ್ರಿವಾಸು ಅವರು ಬರಹ ತಂತ್ರಾಂಶವನ್ನು ಬಿಡುಗಡೆ ಮಾಡಿ ಉಚಿತವಾಗಿ ಕೊಟ್ಟರು. ಹೊರದೇಶಗಳ ಕನ್ನಡಿಗರಿಗೂ ಹಳ್ಳಿಯ ಅಂಗಡಿಗಳಿಗೂ ಅದು ಒಂದೇ ಬಾರಿಗೆ ತಲುಪಿತು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಸರ್ಕಾರಿ ಕಚೇರಿಗಳಲ್ಲಿ ಅದೇ ಬಳಕೆಗೆ ಬಂತು. ಇವೆರಡೂ ಮಾಡಿದ ಉಪಕಾರ ದೊಡ್ಡದು. ಆದರೆ ಎರಡೂ ಉಚಿತವಾಗಿದ್ದವೇ ಹೊರತು ಆಗ ಸ್ವತಂತ್ರವಾಗಿರಲಿಲ್ಲ. ಆಕರ ಸಂಕೇತ ಬಳಕೆದಾರರ ಕೈಯಲ್ಲಿರಲಿಲ್ಲ. ಅನೇಕ ವರ್ಷ ಉಚಿತವಾಗಿದ್ದ ಬರಹ ಮುಂದೆ ಬೆಲೆ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ತಪ್ಪಲ್ಲ. ಬರೆದವರ ಹಕ್ಕು ಅದು. ಉಚಿತವೆಂಬುದು ಕೊಡುವವರ ಮನಸ್ಸು ಇರುವವರೆಗೆ ಎಂಬುದನ್ನು ಮಾತ್ರ ನಾವು ತಿಳಿದಿರಬೇಕು.

ಇನ್ನೊಂದು ಘಟನೆ ಇದಕ್ಕಿಂತ ಭಿನ್ನ. 2003ರಲ್ಲಿ ಬೆಂಗಳೂರಿನ ಸೈಬರ್‌ಸ್ಕೇಪ್ ಮಲ್ಟಿಮೀಡಿಯಾ ಕಂಪನಿ ತನ್ನ ಆಕೃತಿ ತಂತ್ರಾಂಶದ ಕೆಲವು ಅಕ್ಷರಶೈಲಿಗಳನ್ನು ಗ್ನೂ ಸಾರ್ವಜನಿಕ ಪರವಾನಗಿಯಡಿ ಬಿಡುಗಡೆ ಮಾಡಿತು. ಕನ್ನಡವೂ ಸೇರಿ ಒಂಬತ್ತು ಭಾರತೀಯ ಲಿಪಿಗಳ ಅಕ್ಷರಗಳು ಅದರಲ್ಲಿದ್ದವು. ಮಾರುವ ಕಂಪನಿಯೊಂದು ತನ್ನ ಸರಕಿನ ಒಂದು ಭಾಗವನ್ನು, ಇದನ್ನು ಪ್ರತಿ ಮಾಡಿ, ತಿದ್ದಿ, ಹಂಚಿ ಎಂದು ಲಿಖಿತವಾಗಿ ಹೇಳಿ ಕೊಟ್ಟಿತು. ಇದನ್ನು ಮರಳಿ ಪಡೆಯಲು ಬರುವುದಿಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದ್ದೂ ಇದೇ ಜಾತಿಯ ಕೆಲಸ. ಅತ್ತಿಮಬ್ಬೆಯ ಶಾಸ್ತ್ರದಾನಕ್ಕೆ ಇಂದಿನ ಕಾಲದ ಹೆಸರು ಬೇಕೆಂದರೆ ಇದನ್ನೇ ಹೇಳಬಹುದು.

ನಮ್ಮ ತಂದೆಯವರ ನೋಟುಪುಸ್ತಕ

ಇಷ್ಟೆಲ್ಲ ಹೇಳುವ ನಾನು ಸತ್ಯಹರಿಶ್ಚಂದ್ರನೇನಲ್ಲ. ನನ್ನ ತಂದೆಯವರು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ರಾಗಿ ಬೀಸುವ ಹೆಂಗಸರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವವರು ಹಾಡಿದ್ದನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ನಾನು ಬಿ.ಎಸ್ಸಿ. ಮುಗಿಸಿದ ವರ್ಷ ಅವನ್ನೆಲ್ಲ ಗಣಕಕ್ಕೆ ಸೇರಿಸಿಕೊಡುತ್ತೇನೆಂದು ಮಾತು ಕೊಟ್ಟೆ. ಸ್ನೇಹಿತನೊಬ್ಬ ಬೀಗ ಮುರಿದ ಕನ್ನಡ ತಂತ್ರಾಂಶವೊಂದರ ಸಿ.ಡಿ. ಕೊಟ್ಟ. ನನ್ನಿಂದ ಇನ್ನಿಬ್ಬರು ಅದನ್ನು ಪಡೆದರು. ಮೂರು ತಿಂಗಳು ಕೂತು ಎಲ್ಲವನ್ನೂ ಬೆರಳಚ್ಚು ಮಾಡಿದೆ. ತಂದೆಯವರು ನೋಟುಪುಸ್ತಕಗಳನ್ನು ನೆಮ್ಮದಿಯಿಂದ ಅಟ್ಟದ ಮೇಲಿಟ್ಟರು.

ಹತ್ತು ವರ್ಷ ಕಳೆಯಿತು. ತಂದೆ ತೀರಿಕೊಂಡಿದ್ದರು. ಹಾಡುಗಳನ್ನು ಪುಸ್ತಕ ಮಾಡಿಸೋಣವೆಂದು ಕಡತ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಆ ತಂತ್ರಾಂಶ ಕನ್ನಡದ ಪ್ರತಿಯೊಂದು ತುಣುಕಿಗೂ ತನ್ನದೇ ಸಂಕೇತ ಕೊಟ್ಟಿತ್ತು. ಅದಿಲ್ಲದೆ ಕಡತ ಓದಲಾಗದು. ಹಳೆಯ ಸಿ.ಡಿ. ಹಾಳಾಗಿತ್ತು. ತಯಾರಕರನ್ನು ಕೇಳೋಣವೆಂದರೆ ಕೊಂಡ ರಸೀದಿ ಎಲ್ಲಿದೆ? ಯಾವ ಮುಖ ಹೊತ್ತು ಕೇಳಲಿ? ಅಟ್ಟ ಹತ್ತಿದೆ. ಎರಡು ನೋಟುಪುಸ್ತಕಗಳನ್ನು ಗೆದ್ದಲು ತಿಂದಿತ್ತು.

ಕೊನೆಗೆ ಕೈಹಿಡಿದದ್ದು, ಹಳೆಯ ಸಂಕೇತಗಳನ್ನು ಒಂದೊಂದಾಗಿ ಹೊಂದಿಸಿ ಯೂನಿಕೋಡ್‌ಗೆ ಬದಲಿಸುವ ಒಂದು ಪರಿವರ್ತಕ. ಅದನ್ನು ಬರೆದವರು ಸಂಬಳಕ್ಕಾಗಿ ಬರೆದವರಲ್ಲ. ಸ್ವತಂತ್ರ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿದ್ದರು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟಿದ್ದವು. ನಾನು ಓದುತ್ತಾ ಹೋದಂತೆ ತಾಯಿ ಪಕ್ಕದಲ್ಲಿ ಕೂತು ಹಾಡಿ ತಿದ್ದಿಸಿದರು. ಹದಿನೇಳು ಹಾಡುಗಳು ಅವರ ನೆನಪಿಗೂ ಬರಲಿಲ್ಲ. ಅವು ಹೋದವು.

ಆ ಹದಿನೇಳು ಹಾಡುಗಳಿಗೆ ಯಾರ ಕೃತಿಸ್ವಾಮ್ಯವೂ ಇರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ತಡೆಯಿಲ್ಲದೆ ದಾಟಿ ಬಂದವು. ಯಾರದ್ದೋ ಬೀಗದೊಳಗೆ, ಅದೂ ಕದ್ದ ಬೀಗದೊಳಗೆ ಇಟ್ಟವನು ನಾನು. ಹಂಚಿದ್ದು ನನ್ನ ತಪ್ಪೇ ಎಂದು ಕೇಳಿದರೆ, ಹಂಚುವ ಹಕ್ಕಿಲ್ಲದ್ದನ್ನು ಹಂಚಿದ್ದೂ ತಪ್ಪು, ಹಂಚುವ ಹಕ್ಕಿದ್ದ ಹಾಡುಗಳನ್ನು ಹಂಚದೆ ಒಂದೇ ಕಡೆ ಇಟ್ಟದ್ದು ಇನ್ನೂ ದೊಡ್ಡ ತಪ್ಪು ಎಂದು ಹೇಳುತ್ತೇನೆ.

ಯೂನಿಕೋಡ್ ಎಂಬುದು ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಡುವ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಇಂದು ನಿಮ್ಮ ಮೊಬೈಲಿನಲ್ಲಿ ಬರೆದ ಕನ್ನಡ ಯಾವ ಯಂತ್ರದಲ್ಲಾದರೂ ಓದಲು ಬರುವುದು ಅದರಿಂದ. ಆ ಪಟ್ಟಿ ಗುಟ್ಟಲ್ಲ. ಯಾರು ಬೇಕಾದರೂ ನೋಡಬಹುದು.

ಕಾನೂನು ಏನು ಹೇಳುತ್ತದೆ?

ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿ ಗಣಕದ ಕ್ರಮವಿಧಿಯನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಅಂದರೆ ಕಾನೂನಿನ ಕಣ್ಣಿನಲ್ಲಿ ಮೈಸೂರು ಮಲ್ಲಿಗೆಯೂ ಲೆಕ್ಕಪತ್ರದ ತಂತ್ರಾಂಶವೂ ಒಂದೇ ಪಂಕ್ತಿಯಲ್ಲಿ ಕೂತಿವೆ. 1994ರ ತಿದ್ದುಪಡಿ 1995ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರಂತೆ ಕಳ್ಳಪ್ರತಿಯೆಂದು ಗೊತ್ತಿದ್ದೂ ಗಣಕದಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿದ್ದಲ್ಲವಾದರೆ ನ್ಯಾಯಾಲಯ ಸೆರೆವಾಸ ವಿಧಿಸದೆ 50,000 ರೂಪಾಯಿ ಮೀರದ ದಂಡವನ್ನಷ್ಟೇ ಹಾಕಬಹುದು.

ಅದೇ ಕಾಯಿದೆಯ 52ನೆಯ ಕಲಂ ಬಳಕೆದಾರನ ಹಕ್ಕುಗಳನ್ನೂ ಹೇಳುತ್ತದೆ. ನ್ಯಾಯವಾಗಿ ಪಡೆದ ತಂತ್ರಾಂಶ ಕಳೆದುಹೋದೀತು, ಕೆಟ್ಟೀತು ಎಂದು ಒಂದು ಆಪತ್ಕಾಲದ ಪ್ರತಿ ಮಾಡಿಟ್ಟುಕೊಳ್ಳಬಹುದು. 1999ರ ತಿದ್ದುಪಡಿಯ ನಂತರ, ಸ್ವತಃ ನ್ಯಾಯವಾಗಿ ಪಡೆದ ಪ್ರತಿಯಿಂದ ವ್ಯಾಪಾರೇತರ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲೂ ಅವಕಾಶವಿದೆ. ಗಮನಿಸಿ, ಸ್ವಂತ ಬಳಕೆಗೆ. ಗೆಳೆಯನ ಬಳಕೆಗೆ ಎಂದು ಅಲ್ಲಿ ಬರೆದಿಲ್ಲ.

ಇದರ ಮೇಲೆ ಲೈಸೆನ್ಸು ಬರುತ್ತದೆ. ನೀವು ದುಡ್ಡು ಕೊಟ್ಟು ಪಡೆದದ್ದು ಸಾಮಾನ್ಯವಾಗಿ ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಎಷ್ಟು ಗಣಕಗಳಲ್ಲಿ, ಎಷ್ಟು ಕಾಲ, ಯಾವ ಕೆಲಸಕ್ಕೆ ಎಂಬುದೆಲ್ಲ ಅದರಲ್ಲಿರುತ್ತದೆ. ನಾವು ಓದದೆ 'ಒಪ್ಪುತ್ತೇನೆ' ಎಂಬ ಗುಂಡಿ ಒತ್ತುತ್ತೇವಲ್ಲ, ಅದೇ ಪತ್ರ. ಜಮೀನಿನ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂದು ತಾತನಿಗೆ ಬುದ್ಧಿ ಹೇಳುವ ನಾವೇ ದಿನಕ್ಕೆ ನಾಲ್ಕು ಸಲ ಹೆಬ್ಬೆಟ್ಟು ಒತ್ತುತ್ತೇವೆ.

ಬಿತ್ತನೆ ರಾಗಿಯ ನ್ಯಾಯ

ಹಾಗಾದರೆ ಟೀ ಅಂಗಡಿಯ ಅಮ್ಮ ಹೇಳಿದ ಹೆಪ್ಪಿನ ಮಾತು ಸುಳ್ಳೇ? ಸುಳ್ಳಲ್ಲ. ರೈತರ ಮಕ್ಕಳಾದ ನಿಮಗೆ ಇದನ್ನು ಬಿತ್ತನೆಯ ಉದಾಹರಣೆಯಿಂದ ಹೇಳಿದರೆ ಸುಲಭ. ಮಂಡ್ಯದ ವಿ.ಸಿ.ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಹೊಸ ತಳಿಯ ಹಿಂದೆ ವರ್ಷಗಳ ದುಡಿಮೆ ಇರುತ್ತದೆ. ಆದರೆ ರೈತ ಬೆಳೆದ ರಾಗಿಯಲ್ಲಿ ಬಿತ್ತನೆಗೆ ಎತ್ತಿಟ್ಟು ನೆಂಟರಿಗೆ ಕೊಡುವ ರೂಢಿ ಅದಕ್ಕಿಂತ ಬಹಳ ಹಳೆಯದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಎರಡನ್ನೂ ತೂಗಿ ನೋಡಿತು. ತಳಿ ಬೆಳೆಸಿದವರಿಗೆ ಹಕ್ಕು ಕೊಟ್ಟಿತು. ಜೊತೆಗೆ, ಬ್ರ್ಯಾಂಡ್ ಹೆಸರಿನಲ್ಲಿ ಮಾರದಿದ್ದರೆ, ರೈತ ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ಹಕ್ಕನ್ನೂ ಉಳಿಸಿತು. ಬೀಜಕ್ಕೆ ಕಾನೂನು ಕೊಟ್ಟ ಈ ಸಮತೋಲವನ್ನು ತಂತ್ರಾಂಶಕ್ಕೆ ಲೈಸೆನ್ಸು ಬರೆಯುವವರೇ ಕೊಡಬೇಕಾಗಿದೆ. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಪ್ರತಿ ಇರುವ ನೀವು ಇನ್ನೊಬ್ಬನಿಗೆ ಕೊಡುತ್ತೀರಿ, ಎರಡಾಯಿತು. ಇಬ್ಬರೂ ಒಬ್ಬೊಬ್ಬರಿಗೆ ಕೊಟ್ಟರೆ ನಾಲ್ಕು. ಹೀಗೆ ಹತ್ತು ಸುತ್ತು ಕಳೆದರೆ 1,024. ಅತ್ತಿಮಬ್ಬೆ ಬರೆಸಿದ ಸಾವಿರ ಪ್ರತಿಗಳನ್ನು ಹತ್ತು ಸುತ್ತಿನಲ್ಲಿ ಯಾರ ಕೈಯೂ ನೋಯದಂತೆ ಮಾಡಿ ಮುಗಿಸಿದಿರಿ. ಇಷ್ಟು ಶಕ್ತಿ ಹಿಂದೆ ಯಾವ ರಾಜನಿಗೂ ಇರಲಿಲ್ಲ. ಇಷ್ಟು ಸುಲಭವಾಗಿ ಒಬ್ಬ ದುಡಿದವನ ಕೂಲಿಯನ್ನು ಇಲ್ಲವಾಗಿಸಬಹುದು. ಇಷ್ಟೇ ಸುಲಭವಾಗಿ ಒಂದು ಭಾಷೆಯ ಹಾಡುಗಳನ್ನು ಉಳಿಸಲೂಬಹುದು.

ಕೃಷ್ಣರಾಜಪೇಟೆಯ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. "ನೋಡಪ್ಪ, ಗೆಳೆಯನಿಗೆ ಕೊಡಬೇಕು ಅನ್ನೋ ನಿನ್ನ ಮನಸ್ಸಲ್ಲಿ ತಪ್ಪಿಲ್ಲ. ಆದರೆ ನೀನು ಕೊಂಡುಕೊಂಡಿರೋದಕ್ಕೆ ಒಂದೇ ಗಣಕಕ್ಕೆ ಅಂತ ಒಪ್ಪಂದ ಇದ್ರೆ ಅದು ಕೊಟ್ಟ ಮಾತು. ಅದನ್ನ ಮುರೀಬೇಡ. ಅವನಿಗೆ ಅದೇ ಕೆಲಸ ಮಾಡೋ ಸ್ವತಂತ್ರ ತಂತ್ರಾಂಶ ಇದೆಯಾ ನೋಡಿ ಹಾಕಿಕೊಡು. ಅದನ್ನ ನೀನು ನೂರು ಜನಕ್ಕೆ ಕೊಟ್ರೂ ಯಾರೂ ಕೇಳಲ್ಲ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಅದ್ರಾಗೆ ಆಲ್ಬಂ ಮಾಡಾಕ್ ಬರ್ತದಾ ಸಾರ್?" ಎಂದ. ಬರುತ್ತದೆ, ಆದರೆ ಕಲಿಯಲು ಒಂದು ವಾರ ಹಿಡಿದೀತು ಎಂದೆ. "ಒಂದ್ ವಾರ ತಾನೆ" ಎಂದು ಪುಸ್ತಕದ ಹಿಂಬದಿಯಲ್ಲಿ ಹೆಸರು ಬರೆದುಕೊಂಡು ಹೋದ.

ಯೋಚಿಸಿ ನೋಡಿ

1. ನಿಮ್ಮ ಮನೆಯ ಗಣಕ ಅಥವಾ ಮೊಬೈಲಿನಲ್ಲಿರುವ ಒಂದು ತಂತ್ರಾಂಶದ ಲೈಸೆನ್ಸನ್ನು ಪೂರ್ತಿ ಓದಿ. ಪ್ರತಿ ಮಾಡುವ ಬಗ್ಗೆ ಅದರಲ್ಲಿ ಏನಿದೆ?

2. ಸಾರ್ವಜನಿಕರ ತೆರಿಗೆ ಹಣದಲ್ಲಿ ಸಿದ್ಧವಾದ ತಂತ್ರಾಂಶ ಉಚಿತವಾಗಿದ್ದರೆ ಸಾಕೇ, ಸ್ವತಂತ್ರವೂ ಆಗಿರಬೇಕೇ? ತರಗತಿಯಲ್ಲಿ ಪರ-ವಿರೋಧ ಚರ್ಚೆ ನಡೆಸಿ.

3. ನಿಮ್ಮ ಊರಿನಲ್ಲಿ ಒಬ್ಬರಿಗೇ ಗೊತ್ತಿರುವ ಹಾಡು, ಕಥೆ, ಔಷಧಿ, ಅಡಿಗೆ ಯಾವುದಾದರೂ ಇದೆಯೇ? ಅವರ ಒಪ್ಪಿಗೆ ಪಡೆದು ಈ ವಾರ ಬರೆದುಕೊಳ್ಳಿ. ಕನಿಷ್ಠ ಮೂರು ಪ್ರತಿ ಮಾಡಿ, ಮೂರು ಬೇರೆ ಮನೆಗಳಲ್ಲಿ ಇಡಿ.